ಹಳೆಯ ಗಣಕಯಂತ್ರವೂ ಒಪ್ಪಿಸಿದ ನಂಬಿಕೆಯೂ

ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿದರೆ ಅದು ಮತ್ತೆ ಅಡುಗೆಗೆ ಒದಗುತ್ತದೆ. ಅಜ್ಜನ ಕಾಲದ ಬೀಟೆಮರದ ಪೆಟ್ಟಿಗೆಯ ಕೀಲು ಸಡಿಲವಾದರೆ ಬಡಗಿಯನ್ನು ಕರೆಸಿ ಬಿಗಿ ಮಾಡಿಸಿದರೆ ಸಾಕು, ಅದು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಇಂತಹ ವಸ್ತುಗಳು ಹಳೆಯವಾದಷ್ಟೂ ಅವುಗಳ ಮೇಲಿನ ಆದರ ಹೆಚ್ಚುವುದೇ ಹೊರತು ಅವುಗಳಿಂದ ಅಪಾಯ ಒದಗಬಹುದೆಂಬ ಶಂಕೆ ಯಾರಿಗೂ ಬರುವುದಿಲ್ಲ. ಇಂದು ಗೃಹಸ್ಥರ ಮನೆಗಳಲ್ಲಿಯೂ ಬಸದಿಗಳ ಆಡಳಿತ ಕಚೇರಿಗಳಲ್ಲಿಯೂ ಸ್ಥಾನ ಪಡೆದಿರುವ ಗಣಕಯಂತ್ರದ ವಿಷಯ ಹಾಗಲ್ಲ. ಅದರ ಲೋಹ ಸವೆಯದಿದ್ದರೂ, ಪರದೆ ಬೆಳಗುತ್ತಿದ್ದರೂ, ಬೆರಳು ಮುಟ್ಟಿದೊಡನೆ ಅಕ್ಷರ ಮೂಡುತ್ತಿದ್ದರೂ, ಒಂದು ನಿಶ್ಚಿತ ದಿನಾಂಕದಂದು ಅದು ಹಳೆಯದೆಂದು ಘೋಷಿತವಾಗುತ್ತದೆ. ಘೋಷಿಸುವವರು ಅದನ್ನು ಬಳಸುವವರಲ್ಲ, ದೂರದೇಶದ ತಯಾರಕರು. ಆ ಘೋಷಣೆಗೆ ಓಗೊಟ್ಟು ಹೊಸದಕ್ಕೆ ಹಣ ತೆರುವುದು ವಿವೇಕವೋ, ಇರುವುದರಲ್ಲಿಯೇ ತೃಪ್ತಿಪಟ್ಟು ಮುಂದುವರಿಯುವುದು ವಿವೇಕವೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಯಂತ್ರಕ್ಕೆ ಮಾತ್ರ ಸಂಬಂಧಿಸಿದಂತೆ ಕಾಣುತ್ತದೆ. ಸ್ವಲ್ಪ ಆಳಕ್ಕಿಳಿದು ನೋಡಿದರೆ ಅದು ನೀತಿಯ ಪ್ರಶ್ನೆಯೆಂಬುದು ಸ್ಪಷ್ಟವಾಗುತ್ತದೆ.

ದೃಷ್ಟಾಂತಕ್ಕಾಗಿ ಒಂದು ಸಣ್ಣ ಊರಿನ ಬಸದಿಯ ಆಡಳಿತ ಮಂಡಳಿಯನ್ನು ಕಲ್ಪಿಸಿಕೊಳ್ಳಬಹುದು. ಅದರ ಕಚೇರಿಯಲ್ಲಿ 2014ರಲ್ಲಿ ಕೊಂಡ ಒಂದು ಗಣಕಯಂತ್ರವಿದೆ. ಕೊಂಡಾಗ ಅದರಲ್ಲಿ ವಿಂಡೋಸ್ 7 ಇತ್ತು. 2015ರ ಜುಲೈ 29ರಂದು ವಿಂಡೋಸ್ 10 ಹೊರಬಂದು, ಮೊದಲ ಒಂದು ವರ್ಷ ಹಳೆಯ ಬಳಕೆದಾರರಿಗೆ ಉಚಿತವಾಗಿ ದೊರೆತುದರಿಂದ ಆಗ ಅದನ್ನು ಹಾಕಿಸಲಾಯಿತು. ಅಂದಿನಿಂದ ಯಂತ್ರ ತಕರಾರಿಲ್ಲದೆ ನಡೆದಿದೆ. ಕಾಣಿಕೆಯ ಲೆಕ್ಕ, ಪಂಚಕಲ್ಯಾಣ ಮಹೋತ್ಸವದ ಖರ್ಚುವೆಚ್ಚ, ತೆರಿಗೆ ವಿನಾಯಿತಿಯ ರಸೀದಿಗಾಗಿ ದಾನಿಗಳು ತಿಳಿಸಿದ ಪ್ಯಾನ್ ಸಂಖ್ಯೆ ಮತ್ತು ವಿಳಾಸಗಳು ಅದರೊಳಗೆ ಸೇರಿವೆ. ಎಲ್ಲಕ್ಕಿಂತ ಮಿಗಿಲಾಗಿ ಶಾಶ್ವತ ಪೂಜಾ ನಿಧಿಯ ಪಟ್ಟಿ ಅದರಲ್ಲಿದೆ. ಯಾವ ಮಾಸದ ಯಾವ ತಿಥಿಯಂದು ಯಾರ ಹೆಸರಿನಲ್ಲಿ ಅಭಿಷೇಕ ನಡೆಯಬೇಕೆಂಬುದನ್ನು ತಿಳಿಸುವ ಪಟ್ಟಿ ಅದೊಂದೇ. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬರು ತಮ್ಮ ಉಳಿತಾಯದ ಹಣವನ್ನು ಆ ನಿಧಿಗೆ ಕೊಟ್ಟು, ತಾವು ಹೋದ ಮೇಲೂ ವರ್ಷಕ್ಕೊಮ್ಮೆ ಆ ಹೆಸರು ಬಸದಿಯಲ್ಲಿ ಕೇಳಿಬರುವುದೆಂದು ನೆಮ್ಮದಿಯಿಂದಿದ್ದಾರೆ. ಅವರಿಗೆ ಗಣಕಯಂತ್ರದ ವಿಚಾರ ತಿಳಿಯದು. ಅವರು ನಂಬಿದ್ದು ಮಂಡಳಿಯ ಹಿರಿಯರನ್ನು.

2025ರ ಅಕ್ಟೋಬರ್ ತಿಂಗಳಲ್ಲಿ ಯಂತ್ರದ ಪರದೆಯ ಮೇಲೆ ಒಂದು ಸೂಚನೆ ಮೂಡಿತು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲ ಮುಗಿಯಿತೆಂಬುದು ಅದರ ಸಾರಾಂಶ. ಮಂಡಳಿಯ ಸಭೆಯಲ್ಲಿ ವಿಷಯ ಪ್ರಸ್ತಾಪವಾದಾಗ ತರುಣ ಖಜಾಂಚಿಯವರು, "ಮಾಸ್ತರೇ, ಇದರ ಕಾಲ ಮುಗಿಯಿತು. ಒಳ್ಳೆಯ ಹೊಸ ಯಂತ್ರವನ್ನೇ ತರಿಸೋಣ" ಎಂದರು. ನಿವೃತ್ತ ಅಧ್ಯಾಪಕರಾದ ಕಾರ್ಯದರ್ಶಿಗಳು ಒಪ್ಪಲಿಲ್ಲ. "ನಡೆಯುತ್ತಿರುವ ಯಂತ್ರವನ್ನು ಮೂಲೆಗೆ ತಳ್ಳುವುದಕ್ಕೆ ಧರ್ಮದ ದುಡ್ಡು ಖರ್ಚು ಮಾಡಬೇಕೇನಪ್ಪ? ಅಪರಿಗ್ರಹದ ಮಾತನ್ನು ಉಪನ್ಯಾಸದಲ್ಲಿ ಮಾತ್ರ ಆಡಿದರೆ ಸಾಕೇ?" ಎಂದು ಕೇಳಿದರು. ಸಭೆ ತೀರ್ಮಾನವಿಲ್ಲದೆ ಮುಂದಕ್ಕೆ ಹೋಯಿತು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿರುವುದರಿಂದ ಪ್ರತಿಯೊಂದು ಪಕ್ಷವನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದು ಉಚಿತ.

ಮೊದಲು ಸಂಗತಿಯನ್ನು ಸರಿಯಾಗಿ ತಿಳಿಯಬೇಕು. ಆಪರೇಟಿಂಗ್ ಸಿಸ್ಟಮ್ ಎಂದು ಕರೆಯಲ್ಪಡುವ ಕಾರ್ಯಾಚರಣ ವ್ಯವಸ್ಥೆಯು ಯಂತ್ರದ ಬಿಡಿಭಾಗಗಳಿಗೂ ಅದರಲ್ಲಿ ನಡೆಯುವ ಕೆಲಸಗಳಿಗೂ ನಡುವೆ ನಿಂತು ಎಲ್ಲವನ್ನೂ ನಿಯಂತ್ರಿಸುವ ಮೂಲ ತಂತ್ರಾಂಶ. ಮನುಷ್ಯರು ಬರೆದ ಕೋಟ್ಯಂತರ ಸಾಲುಗಳ ಸೂಚನೆಗಳಿಂದ ಅದು ರಚಿತವಾಗಿರುವುದರಿಂದ ಅದರಲ್ಲಿ ದೋಷಗಳು ಉಳಿದೇ ಇರುತ್ತವೆ. ಅವು ಒಂದೊಂದಾಗಿ ಬೆಳಕಿಗೆ ಬಂದಂತೆ ತಯಾರಕರು ತಿದ್ದುಪಡಿಗಳನ್ನು ಕಳುಹಿಸುತ್ತಾರೆ. ಬೆಂಬಲ ಮುಗಿಯುವುದೆಂದರೆ ಈ ತಿದ್ದುಪಡಿಗಳು ನಿಲ್ಲುವುದು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಹೀಗೆ ಬೆಂಬಲ ಮುಗಿಯಿತು. ಮರುದಿನ ಯಂತ್ರ ಹಿಂದಿನಂತೆಯೇ ನಡೆಯುತ್ತದೆ. ಆದರೆ ಅಂದಿನಿಂದ ಮುಂದೆ ಕಂಡುಬರುವ ಪ್ರತಿಯೊಂದು ದೋಷವೂ ಚಿಲಕ ಮುರಿದ ಬಾಗಿಲಿನಂತೆ ತೆರೆದೇ ಉಳಿಯುತ್ತದೆ. ಹೊಸ ವಿಂಡೋಸ್ 11ನ್ನು ಹಾಕಿಸೋಣವೆಂದರೆ ಅದು ಟಿಪಿಎಂ 2.0 ಎಂಬ ರಕ್ಷಣಾ ಸೌಲಭ್ಯವನ್ನೂ, ಇಂಟೆಲ್ ಸಂಸ್ಥೆಯದಾದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅನಂತರದ ತಲೆಮಾರಿನ ಪ್ರೊಸೆಸರನ್ನೂ ಬಯಸುತ್ತದೆ. 2014ರ ಯಂತ್ರದಲ್ಲಿ ಅವು ಇರುವುದಿಲ್ಲ. ಯಂತ್ರ ಗಟ್ಟಿಯಾಗಿದ್ದರೂ ಅದಕ್ಕೆ ಪ್ರವೇಶವಿಲ್ಲ.

ಕಾರ್ಯದರ್ಶಿಗಳ ಪಕ್ಷಕ್ಕೆ ಬಲವಾದ ಆಧಾರವಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 620 ಲಕ್ಷ ಟನ್ನುಗಳಷ್ಟು ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದುದೆಂದು ದಾಖಲಾದುದು ಶೇಕಡಾ 22.3 ಮಾತ್ರ. ಉಳಿದುದರ ಬಹುಭಾಗ ಎಲ್ಲಿಗೆ ಹೋಗುತ್ತದೆಂಬುದನ್ನು ದೆಹಲಿಯ ಸೀಲಂಪುರದಂತಹ ಬಡಾವಣೆಗಳಲ್ಲಿ ಕಾಣಬಹುದು. ಅಲ್ಲಿ ಬಡ ಕಾರ್ಮಿಕರು ಹಳೆಯ ಯಂತ್ರಗಳನ್ನು ಬರಿಗೈಯಿಂದ ಒಡೆದು ಬೇರ್ಪಡಿಸುತ್ತಾರೆ. ಇಂತಹ ಅಸಂಘಟಿತ ವೃತ್ತಿಯಲ್ಲಿ ತಾಮ್ರಕ್ಕಾಗಿ ತಂತಿಗಳನ್ನು ಸುಡುವುದೂ, ಚಿನ್ನದ ಕಣಗಳಿಗಾಗಿ ಫಲಕಗಳನ್ನು ಆಮ್ಲದಲ್ಲಿ ಮುಳುಗಿಸುವುದೂ ನಡೆಯುತ್ತದೆ. ಸೀಸ, ಪಾದರಸ, ಕ್ಯಾಡ್ಮಿಯಂಗಳು ಹೊಗೆಯಲ್ಲಿಯೂ ನೀರಿನಲ್ಲಿಯೂ ಮಣ್ಣಿನಲ್ಲಿಯೂ ಬೆರೆಯುತ್ತವೆ. ಬೆಸದಿನಲ್ಲಿ ಹೊಸ ಯಂತ್ರದ ಬೆಲೆಯನ್ನು ಬರೆಯುವ ಗುಮಾಸ್ತರ ಪುಸ್ತಕದಲ್ಲಿ ಈ ಹಿಂಸೆಗೆ ಯಾವ ಕಲಮೂ ಇಲ್ಲ. ಜೀವದಯೆಯನ್ನು ಆಹಾರದಲ್ಲಿ ಇಷ್ಟು ಸೂಕ್ಷ್ಮವಾಗಿ ಪಾಲಿಸುವ ಸಮಾಜ, ಕಣ್ಣಿಗೆ ಕಾಣದ ಊರಿನಲ್ಲಿ ನಡೆಯುವ ಈ ಹಾನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಸಲ್ಲದು. ಆದುದರಿಂದ ಗಟ್ಟಿಯಾಗಿರುವ ಯಂತ್ರವನ್ನು ಕೇವಲ ದಿನಾಂಕದ ಕಾರಣಕ್ಕೆ ತ್ಯಜಿಸಬಾರದೆಂಬ ಮಾತು ಜಿಪುಣತನದ ಮಾತಲ್ಲ.

ಖಜಾಂಚಿಯವರ ಪಕ್ಷಕ್ಕೂ ಅಷ್ಟೇ ಬಲವಾದ ಆಧಾರವಿದೆ. 2017ರ ಮೇ 12ರಂದು 'ವನ್ನಾಕ್ರೈ' ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳ ಕಡತಗಳು ಬೀಗ ಜಡಿದಂತಾಗಿ, ತೆರೆಯಬೇಕಾದರೆ ಹಣ ತೆರಬೇಕೆಂಬ ಬೆದರಿಕೆ ಪರದೆಯ ಮೇಲೆ ಮೂಡಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ನಿಗದಿಯಾಗಿದ್ದ ಸಾವಿರಾರು ಭೇಟಿಗಳೂ ಶಸ್ತ್ರಚಿಕಿತ್ಸೆಗಳೂ ರದ್ದಾದವು. ಈ ಘಟನೆಯಲ್ಲಿ ಗಮನಿಸಬೇಕಾದ ಅಂಶ ಮತ್ತೊಂದಿದೆ. ಆ ದೋಷಕ್ಕೆ ತಿದ್ದುಪಡಿ 2017ರ ಮಾರ್ಚ್ ತಿಂಗಳಲ್ಲಿಯೇ ಹೊರಬಂದಿತ್ತು. ಸೋಂಕಿಗೆ ತುತ್ತಾದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು. ಆ ವ್ಯವಸ್ಥೆಗೆ ಆಗ ಬೆಂಬಲ ಇನ್ನೂ ಮುಗಿದಿರಲಿಲ್ಲ. ತಿದ್ದುಪಡಿ ಕೈಗೆಟುಕುವಂತಿದ್ದೂ ಎರಡು ತಿಂಗಳ ಕಾಲ ಅದನ್ನು ಹಾಕಿಕೊಳ್ಳದೆ ಬಿಟ್ಟುದರಿಂದ ಹಾನಿಯಾಯಿತು. ಅಂದರೆ ಅನರ್ಥಕ್ಕೆ ಮೂಲ ಯಂತ್ರದ ವಯಸ್ಸಿಗಿಂತ ಹೆಚ್ಚಾಗಿ ಅದನ್ನು ಇಟ್ಟುಕೊಂಡವರ ಅಲಕ್ಷ್ಯ. ಜೈನ ನೀತಿಶಾಸ್ತ್ರದಲ್ಲಿ ಹಿಂಸೆಯ ವಿಚಾರ ಬಂದಾಗಲೆಲ್ಲ ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ, ಅಷ್ಟು ಮಹತ್ವ ನೀಡಿರುವುದು ಏಕೆಂಬುದು ಇಂತಹ ಸಂದರ್ಭದಲ್ಲಿ ಮನದಟ್ಟಾಗುತ್ತದೆ.

ಹೀಗಿರುವಲ್ಲಿ ಎರಡು ಪಕ್ಷಗಳ ನಡುವೆ ನಿರ್ಣಯ ಹೇಗೆ? ಯಂತ್ರ ಹಳೆಯದೋ ಹೊಸದೋ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಅಪಾಯ ಯಾರದು ಎಂಬ ಪ್ರಶ್ನೆಯನ್ನು ಮುಂದಿಟ್ಟರೆ ದಾರಿ ಕಾಣುತ್ತದೆ. ಒಬ್ಬ ಗೃಹಸ್ಥ ತನ್ನ ಮನೆಯ ಹಳೆಯ ಗಣಕಯಂತ್ರದಲ್ಲಿ ಭಜನೆ ಕೇಳುತ್ತಾನೆ, ಪತ್ರ ಬರೆಯುತ್ತಾನೆ ಎಂದಿಟ್ಟುಕೊಳ್ಳಬಹುದು. ಅದನ್ನು ಅಂತರಜಾಲದಿಂದ ಬೇರ್ಪಡಿಸಿ ಬಳಸಿದರೆ ಯಂತ್ರ ಕೆಟ್ಟಾಗ ನಷ್ಟ ಅವನೊಬ್ಬನದೇ. ತನ್ನ ನಷ್ಟವನ್ನು ತಾನೇ ಹೊರಲು ಸಿದ್ಧನಿರುವವನ ಮಿತವ್ಯಯ ನಿಜವಾದ ಸದ್ಗುಣ. ಆದರೆ ಬಸದಿಯ ಕಚೇರಿಯ ಯಂತ್ರದಲ್ಲಿರುವುದು ಕಾರ್ಯದರ್ಶಿಗಳ ಸ್ವತ್ತಲ್ಲ. ನೂರಾರು ಮನೆತನಗಳು ವಿಶ್ವಾಸದಿಂದ ಒಪ್ಪಿಸಿದ ವಿವರಗಳು ಅವು. ಆ ವಿವರಗಳು ವಂಚಕರ ಕೈಸೇರಿದರೆ ಮೋಸಹೋಗುವವರು ದಾನಿಗಳು. ಪೂಜೆಯ ಪಟ್ಟಿ ನಾಶವಾದರೆ ಆ ವೃದ್ಧೆಯ ಗಂಡನ ಹೆಸರು ಒಂದು ವರ್ಷ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಬಿಟ್ಟುಹೋದುದು ಯಾರಿಗೂ ತಿಳಿಯುವುದೂ ಇಲ್ಲ. ಉಳಿತಾಯ ಮಂಡಳಿಗೆ, ಅಪಾಯ ದಾನಿಗೆ ಎಂಬ ಏರ್ಪಾಡನ್ನು ಅಪರಿಗ್ರಹವೆಂದು ಕರೆಯಲಾಗದು. ತನ್ನ ಸರಳತೆಯ ವೆಚ್ಚವನ್ನು ಮತ್ತೊಬ್ಬರಿಂದ ಭರಿಸುವವನು ಸರಳನಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯಿದೆಯು ಪರರ ವಿವರಗಳನ್ನು ಇಟ್ಟುಕೊಂಡವರ ಮೇಲೆ ರಕ್ಷಣೆಯ ಹೊಣೆಯನ್ನು ಹೊರಿಸಿದೆ. ಕಾಯಿದೆ ಬರುವ ಮೊದಲೇ ನೀತಿ ಆ ಹೊಣೆಯನ್ನು ಹೊರಿಸಿತ್ತು.

ಇಲ್ಲಿ ಇಬ್ಬರೂ ತಮ್ಮ ಅಂತರಂಗವನ್ನು ಪರೀಕ್ಷಿಸಿಕೊಳ್ಳಬೇಕಾದ ಸಂದರ್ಭ ಒದಗುತ್ತದೆ. ಸಭೆ ಮುಗಿದು ಮನೆಗೆ ಮರಳಿದ ಕಾರ್ಯದರ್ಶಿಗಳು ತಮ್ಮನ್ನು ತಾವೇ ಪ್ರಾಮಾಣಿಕವಾಗಿ ಕೇಳಿಕೊಂಡರೆ ಒಂದು ಅಹಿತಕರ ಸತ್ಯ ಎದುರಾಗಬಹುದು. ಹೊಸ ವ್ಯವಸ್ಥೆ ಬಂದರೆ ಎಪ್ಪತ್ತರ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಲ್ಲ, ಕಿರಿಯರ ಮುಂದೆ ತಡವರಿಸಬೇಕಲ್ಲ ಎಂಬ ಅಳುಕೇ ಅಪರಿಗ್ರಹದ ಮಾತಿನ ಹಿಂದೆ ಅಡಗಿದ್ದಿರಬಹುದು. ಖಜಾಂಚಿಯವರು ಕೇಳಿಕೊಂಡರೆ, ಪಟ್ಟಣದ ಟ್ರಸ್ಟಿನ ಕಚೇರಿಯಲ್ಲಿ ಕಂಡ ತೆಳ್ಳನೆಯ ಹೊಳೆಯುವ ಯಂತ್ರದ ಆಸೆ ಸುರಕ್ಷತೆಯ ಮಾತಿನ ಹಿಂದೆ ಅಡಗಿದ್ದಿರಬಹುದು. ಹೊಸದರ ಮೇಲಿನ ಮೋಹವನ್ನು ಎಲ್ಲರೂ ಬೇಗ ಗುರುತಿಸುತ್ತಾರೆ. ಹಳೆಯದರ ಮೇಲಿನ ಮೋಹ ಸದ್ಗುಣದ ವೇಷ ಧರಿಸಿ ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ. ಉದ್ದೇಶ ಶುದ್ಧವಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಹಣವೂ ಹೊಸದೂ ಬೇಡವಾದ, ಆದರೆ ಪರಿಶ್ರಮ ಬೇಕಾದ ಮೂರನೆಯ ದಾರಿಯೊಂದನ್ನು ಯಾರಾದರೂ ಮುಂದಿಟ್ಟಾಗ, ಅದನ್ನು ಕೇಳುವ ಸಹನೆ ಇಬ್ಬರಲ್ಲಿಯೂ ಇದೆಯೇ ಎಂದು ನೋಡಿದರೆ ಸಾಕು.

ಅಂತಹ ದಾರಿಗಳು ಇಲ್ಲದಿಲ್ಲ. ವಿಂಡೋಸ್ 10ಕ್ಕೆ ಭದ್ರತಾ ತಿದ್ದುಪಡಿಗಳನ್ನು ಮಾತ್ರ ಇನ್ನಷ್ಟು ಕಾಲ ಪಡೆಯುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ವ್ಯಕ್ತಿಗತ ಬಳಕೆಗೆ ಅದರ ಅವಧಿಯನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಗೊತ್ತುಪಡಿಸಿತು. ಸಂಸ್ಥೆಗಳಿಗೆ ಹಣ ತೆತ್ತು ಗರಿಷ್ಠ ಮೂರು ವರ್ಷ ಎಂದೂ, ದರವು ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುವುದೆಂದೂ ತಿಳಿಸಿತು. ಇದು ಸಮಯ ಕೊಳ್ಳುವ ಉಪಾಯ, ಪರಿಹಾರವಲ್ಲ. ನಿಬಂಧನೆಗಳನ್ನು ತಪ್ಪಿಸಿ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕಿಕೊಡುವವರು ಪೇಟೆಯಲ್ಲಿ ಸಿಗುತ್ತಾರೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ತಿದ್ದುಪಡಿಗಳು ಬರುವ ಭರವಸೆ ಇಲ್ಲವೆಂದು ತಯಾರಕರೇ ಹೇಳಿರುವುದರಿಂದ, ಪರರ ವಿವರಗಳಿರುವ ಯಂತ್ರಕ್ಕೆ ಆ ದಾರಿ ತಕ್ಕುದಲ್ಲ. ಅಂತರಜಾಲದ ಸಂಪರ್ಕವನ್ನು ಕಡಿದುಹಾಕಿ ಬಳಸುವುದು ಮತ್ತೊಂದು ಉಪಾಯ. ಅದರಿಂದ ಅಪಾಯ ಬಹಳಷ್ಟು ತಗ್ಗುತ್ತದೆ. ಆದರೂ ಪೆನ್‌ಡ್ರೈವ್ ಒಂದರ ಮೂಲಕ ಸೋಂಕು ಒಳಸೇರಬಹುದು.

ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶದ ದಾರಿ ವಿಶೇಷ ಗಮನಕ್ಕೆ ಅರ್ಹವಾದುದು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶವನ್ನು ಜಗತ್ತಿನ ನಾನಾ ಭಾಗಗಳ ತಜ್ಞರು ಕೂಡಿ ಬೆಳೆಸುತ್ತಿದ್ದಾರೆ. ಅದನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಪರರಿಗೆ ಹಂಚಬಹುದು. ವಿಂಡೋಸ್ 11 ಒಪ್ಪದ ಎಷ್ಟೋ ಯಂತ್ರಗಳು ಅದರಿಂದ ಇನ್ನೂ ಹಲವು ವರ್ಷ ಸುರಕ್ಷಿತವಾಗಿ ನಡೆಯಬಲ್ಲವು. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಇಂತಹ ವ್ಯವಸ್ಥೆಯಲ್ಲಿಯೇ ಬಹುಕಾಲದಿಂದ ಗಣಕಶಿಕ್ಷಣ ಪಡೆಯುತ್ತಿದ್ದಾರೆ. ಆದರೆ ಇದಕ್ಕೂ ಮಿತಿಯುಂಟು. ಲೆಕ್ಕಪತ್ರಕ್ಕಾಗಿ ಬಹಳಷ್ಟು ಸಂಸ್ಥೆಗಳು ಅವಲಂಬಿಸಿರುವ ಟ್ಯಾಲಿ ವಿಂಡೋಸಿಗಾಗಿ ರಚಿತವಾದುದು. ಅಲ್ಲದೆ ಊರಿನಲ್ಲಿ ಲಿನಕ್ಸ್ ಬಲ್ಲವರೊಬ್ಬರಾದರೂ ಇಲ್ಲದಿದ್ದರೆ ಗುಮಾಸ್ತರು ಮೊದಲ ತೊಡಕಿಗೇ ಕೈಚೆಲ್ಲುತ್ತಾರೆ. ದಾರಿ ಒಳ್ಳೆಯದಾದರೂ ನಡೆಯುವವರ ಶಕ್ತಿಯನ್ನು ನೋಡಿಯೇ ಅದನ್ನು ಸೂಚಿಸಬೇಕಾಗುತ್ತದೆ.

ಯಾವ ದಾರಿಯನ್ನು ಆರಿಸಿದರೂ ಯಂತ್ರಕ್ಕಿಂತ ಅದರೊಳಗಿನ ಬರಹ ಮುಖ್ಯವೆಂಬುದನ್ನು ಮರೆಯಬಾರದು. ಕನ್ನಡದ ಕಚೇರಿಗಳಿಗೆ ಈ ಮಾತು ಹೆಚ್ಚಾಗಿ ಅನ್ವಯಿಸುತ್ತದೆ. ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಮುಂದಿನ ಯಾವ ಯಂತ್ರದಲ್ಲಿಯೂ ಓದಬಹುದು. ಪರಿವರ್ತನೆಗೆ ತಂತ್ರಾಂಶಗಳಿವೆ. ಆದರೆ ಒತ್ತಕ್ಷರಗಳು ತಪ್ಪುವುದುಂಟಾದ್ದರಿಂದ ಹೆಸರುಗಳನ್ನು ಒಂದೊಂದಾಗಿ ಓದಿ ನೋಡಬೇಕು. ಈ ಕೆಲಸ ಜೈನ ಸಮಾಜಕ್ಕೆ ಅಪರಿಚಿತವಲ್ಲ. ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲಾ ಗ್ರಂಥದ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಮೊದಲ ಸಂಪುಟ ಮುದ್ರಣಗೊಂಡಿತು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದು ಎಲ್ಲರಿಗೂ ತಿಳಿದ ವಿಷಯ. ಓಲೆ ಗಟ್ಟಿಯಾಗಿದೆಯೆಂದು ಪ್ರತಿ ಮಾಡದೆ ಬಿಟ್ಟಿದ್ದರೆ ಎಷ್ಟೋ ಗ್ರಂಥಗಳು ಹುಳು ತಿಂದು ಹೋಗುತ್ತಿದ್ದವು. ಪ್ರತಿ ಮಾಡಿದವರು ಹಳೆಯ ಓಲೆಯನ್ನು ಹಗುರವಾಗಿ ಕಾಣಲಿಲ್ಲ. ಓಲೆಯ ಮೇಲಿನ ಆದರ ಮತ್ತು ಬರಹದ ಬಗೆಗಿನ ಹೊಣೆ ಎರಡೂ ಅವರಲ್ಲಿ ಒಟ್ಟಿಗೆ ಇದ್ದವು.

ತಯಾರಕರ ಪಾಲನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಒಂದು ವ್ಯವಸ್ಥೆಗೆ ಹತ್ತು ವರ್ಷಗಳ ಕಾಲ ತಿದ್ದುಪಡಿ ನೀಡಿದುದು ಅಲ್ಪಸೇವೆಯಲ್ಲ. ಹೊಸ ನಿಬಂಧನೆಗಳಿಗೆ ಸುರಕ್ಷತೆಯ ಕಾರಣಗಳೂ ಇವೆ. ಆದರೂ ಗಟ್ಟಿಯಾಗಿರುವ ಯಂತ್ರಗಳು ಅಪಾರ ಸಂಖ್ಯೆಯಲ್ಲಿ ಒಮ್ಮೆಗೇ ನಿರುಪಯುಕ್ತವಾಗುವಂತೆ ಮಾಡುವ ನಿರ್ಧಾರದ ಹಿಂದೆ ವ್ಯಾಪಾರದ ಲೆಕ್ಕಾಚಾರ ಇಲ್ಲವೆನ್ನುವುದು ಕಷ್ಟ. ಈ ವಿಮರ್ಶೆ ಸರಿಯಾದುದೇ. ಆದರೆ ತಯಾರಕರ ತಪ್ಪನ್ನು ಎತ್ತಿ ತೋರಿಸಿದ ಮಾತ್ರಕ್ಕೆ ದಾನಿಗಳ ವಿವರಗಳು ಸುರಕ್ಷಿತವಾಗುವುದಿಲ್ಲ.

ದೃಷ್ಟಾಂತದ ಮಂಡಳಿ ಎರಡನೆಯ ಸಭೆಯಲ್ಲಿ ಕೈಗೊಳ್ಳಬಹುದಾದ ನಿರ್ಣಯ ಇದರಿಂದ ತಾನಾಗಿಯೇ ರೂಪುಗೊಳ್ಳುತ್ತದೆ. ಮೊದಲ ಕೆಲಸವಾಗಿ ಶಾಶ್ವತ ಪೂಜೆಯ ಪಟ್ಟಿಯನ್ನೂ ಲೆಕ್ಕಪತ್ರಗಳನ್ನೂ ಎರಡು ಕಡೆ ಪ್ರತಿ ಮಾಡಿ, ಒಂದನ್ನು ಕಚೇರಿಯ ಹೊರಗೆ ಭದ್ರವಾಗಿ ಇಡಬೇಕು. ಪೂಜೆಯ ಪಟ್ಟಿಯನ್ನು ಕಾಗದದ ಮೇಲೂ ಮುದ್ರಿಸಿ ಹೊತ್ತಗೆ ಕಟ್ಟಿಸಬೇಕು. ದಾನಿಗಳ ವಿವರ ಮತ್ತು ಟ್ಯಾಲಿಯ ಲೆಕ್ಕಕ್ಕಾಗಿ, ಕಚೇರಿಯೊಂದರಲ್ಲಿ ಬಳಸಿ ಬಿಟ್ಟ, ಆದರೆ ಇನ್ನೂ ತಿದ್ದುಪಡಿಗಳು ದೊರೆಯುವ ತಲೆಮಾರಿನ ಯಂತ್ರವನ್ನು ಕೊಳ್ಳಬೇಕು. ಹೊಸದರ ಬೆಲೆ ಇಲ್ಲಿ ಬೇಕಾಗುವುದಿಲ್ಲ. 2014ರ ಯಂತ್ರದಿಂದ ದಾನಿಗಳ ಕಡತಗಳನ್ನು ತೆಗೆಯುವಾಗ, ಅಳಿಸಿದ ಮಾತ್ರಕ್ಕೆ ಅವು ಡಿಸ್ಕಿನಿಂದ ಹೋಗಿರುವುದಿಲ್ಲವೆಂಬುದನ್ನು ನೆನಪಿಟ್ಟು, ಮರಳಿ ಪಡೆಯಲಾಗದಂತೆ ಒರೆಸುವ ತಂತ್ರಾಂಶವನ್ನು ಬಳಸಬೇಕು. ಅನಂತರ ಅದಕ್ಕೆ ಲಿನಕ್ಸ್ ಹಾಕಿಸಿ ಪಾಠಶಾಲೆಯ ಮಕ್ಕಳಿಗೂ ಗ್ರಂಥಭಂಡಾರದ ಸೂಚಿಗೂ ಒದಗಿಸಬೇಕು. ಊರಿನ ಕಾಲೇಜಿನ ವಿದ್ಯಾರ್ಥಿಯೊಬ್ಬ ಅದರ ಯೋಗಕ್ಷೇಮ ನೋಡಿಕೊಳ್ಳಬಲ್ಲ. ಅದು ನಿಜವಾಗಿ ಕೆಟ್ಟ ದಿನ ಗುಜರಿಯವನಿಗೆ ಕೊಡದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು.

ಈ ನಿರ್ಣಯದಲ್ಲಿ ಕಾರ್ಯದರ್ಶಿಗಳಿಗೂ ಖಜಾಂಚಿಯವರಿಗೂ ಪೂರ್ಣ ಜಯವಿಲ್ಲ. ಒಬ್ಬರು ಹೊಸ ಯಂತ್ರದ ಆಸೆಯನ್ನು ಬಿಡಬೇಕಾಯಿತು, ಮತ್ತೊಬ್ಬರು ಎಪ್ಪತ್ತರ ವಯಸ್ಸಿನಲ್ಲಿ ಮರಳಿ ವಿದ್ಯಾರ್ಥಿಯಾಗಬೇಕಾಯಿತು. ಬೇರೊಂದು ಊರಿನ ಮಂಡಳಿಗೆ ಬೇರೊಂದು ಏರ್ಪಾಡು ಸೂಕ್ತವಾಗಬಹುದು. ಹಣ, ಯಂತ್ರ, ಬಲ್ಲವರು ಎಲ್ಲೆಡೆ ಒಂದೇ ಬಗೆಯಾಗಿರುವುದಿಲ್ಲ. ಆದರೆ ಪ್ರಶ್ನೆಯನ್ನು ಕೇಳುವ ಕ್ರಮ ಎಲ್ಲೆಡೆಯೂ ಒಂದೇ. ಯಂತ್ರದೊಳಗೆ ಯಾರ ನಂಬಿಕೆ ಇದೆ, ಅದು ಕೆಟ್ಟರೆ ನೋವು ಯಾರಿಗೆ, ಎಸೆದರೆ ನೋವು ಯಾರಿಗೆ ಎಂಬ ಮೂರು ಮಾತುಗಳನ್ನು ಮೊದಲು ವಿಚಾರಿಸಿ, ಬೆಲೆಯ ಮಾತನ್ನು ಅನಂತರ ಎತ್ತುವುದು ಉತ್ತಮ. ಮುಂದಿನ ವರ್ಷ ಆ ತಿಥಿ ಬಂದಾಗ ಬಸದಿಯಲ್ಲಿ ಆ ಹೆಸರನ್ನು ತಪ್ಪದೆ ಹೇಳಿದರೆ, ಕೇಳುತ್ತ ಕುಳಿತ ವೃದ್ಧೆಗೆ ಯಾವ ಯಂತ್ರದಲ್ಲಿ ಅದು ಉಳಿದಿತ್ತೆಂಬುದು ತಿಳಿಯಬೇಕಾಗಿಲ್ಲ. ಅದು ಉಳಿಯುವಂತೆ ನೋಡಿಕೊಳ್ಳುವ ಹೊಣೆಯನ್ನು ಅವರು ನಂಬಿದವರಿಗೆ ಒಪ್ಪಿಸಿ ಆಗಿದೆ.